ಗ್ರೀಕರ ಸಮಾಧಿಶಾಸನಗಳು

ಯೂರೋಪಿನ ದೊಡ್ಡ ನಗರಗಳ ವಸ್ತುಸಂಗ್ರಹಾಲಯಗಳಿಗೆ ಹೋದವರು ಸಾಮಾನ್ಯವಾಗಿ ಮೊದಲು ನೋಡುವುದು ದೇವತೆಗಳ ವಿಗ್ರಹಗಳನ್ನು. ಆಮೇಲೆ ಚಿತ್ರ ಬರೆದ ಮಣ್ಣಿನ ಪಾತ್ರೆಗಳನ್ನು. ಹೊತ್ತು ಉಳಿದರೆ ಚಿನ್ನದ ಒಡವೆಗಳನ್ನು. ಇವುಗಳ ನಡುವೆ ಗೋಡೆಗೆ ಒರಗಿಸಿದಂತೆ ನಿಲ್ಲಿಸಿರುವ ಕೆಲವು ಕಲ್ಲುಗಳಿರುತ್ತವೆ. ಕೆಲವಕ್ಕೆ ಮುಖದ ಮೇಲೆ ಒಂದು ಉಬ್ಬುಚಿತ್ರ. ಕೆಲವಕ್ಕೆ ಅದೂ ಇಲ್ಲ, ಎರಡು ಮೂರು ಪಂಕ್ತಿ ಅಕ್ಷರ ಮಾತ್ರ. ನೋಡುವವರು ಅವುಗಳ ಮುಂದೆ ಬಹಳ ಹೊತ್ತು ನಿಲ್ಲುವುದಿಲ್ಲ. ಓದಲು ಬಾರದ ಲಿಪಿ, ಕೇಳಿ ಅರಿಯದ ಹೆಸರು, ಸತ್ತು ಎರಡು ಸಾವಿರ ವರ್ಷಕ್ಕೆ ಮೇಲಾದ ಮನುಷ್ಯ. ನಿಲ್ಲುವುದಕ್ಕೆ ಕಾರಣವಾದರೂ ಏನು? ಆದರೆ ಆ ಕೋಣೆಯಲ್ಲಿರುವ ವಸ್ತುಗಳಲ್ಲೆಲ್ಲ ನೋಡುವವನನ್ನು ಕುರಿತು ನೇರವಾಗಿ ಮಾತನಾಡುವುವು ಆ ಕಲ್ಲುಗಳೇ. ಹೋಗುವವನನ್ನು ನಿಲ್ಲೆಂದು ಬಾಯಿಬಿಟ್ಟು ಕೇಳುವುವೂ ಅವುಗಳಲ್ಲಿ ಉಂಟು. ಇವೇ ಪ್ರಾಚೀನ ಗ್ರೀಕರ ಸಮಾಧಿಶಾಸನಗಳು. ಅವು ಏನು ಹೇಳುತ್ತವೆ, ಯಾರಿಗೆ ಹೇಳುತ್ತವೆ, ಇದ್ದ ಸ್ಥಳವನ್ನು ಬಿಟ್ಟು ವಸ್ತುಸಂಗ್ರಹಾಲಯವನ್ನು ಸೇರಿದ ಮೇಲೆ ಅವುಗಳ ಮಾತು ಏನಾಯಿತು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಕಾಲೇಜಿನ ತರಗತಿಗಳಲ್ಲಿ ಗ್ರೀಕರ ಚರಿತ್ರೆಯನ್ನು ಬೋಧಿಸುವ ನಾವು ಮ್ಯಾರಥಾನಿನ ಯುದ್ಧ, ಪೆರಿಕ್ಲೀಸನ ಆಡಳಿತ, ಸಾಕ್ರಟೀಸನ ವಿಷಪಾನ, ಅಲೆಕ್ಸಾಂಡರನ ದಿಗ್ವಿಜಯ ಎಂದು ಹೇಳಿಕೊಂಡು ಹೋಗುತ್ತೇವೆ. ಅದು ತಪ್ಪಲ್ಲ, ಆದರೆ ಅಷ್ಟರಿಂದಲೇ ಒಂದು ಜನಾಂಗದ ಪರಿಚಯವಾಗುವುದಿಲ್ಲ. ಅಥೆನ್ಸ್ ನಗರವೂ ಅದರ ಸುತ್ತಣ ಹಳ್ಳಿಗಳೂ ಸೇರಿದ ಅಟಿಕ ಪ್ರಾಂತವೊಂದರಲ್ಲಿಯೇ ೧೦,೦೦೦ಕ್ಕೆ ಮಿಕ್ಕ ಸಮಾಧಿಶಾಸನಗಳು ದೊರೆತಿವೆ. ಅವುಗಳಲ್ಲಿ ಬಹುಪಾಲು ಚರಿತ್ರೆಯ ಗ್ರಂಥಗಳಲ್ಲಿ ಒಂದು ಸಲವೂ ಹೆಸರು ಬಾರದ ಜನರವು: ಮಗುವನ್ನು ಸಾಕಿದ ದಾದಿ, ಮೊಮ್ಮಗುವನ್ನೆತ್ತಿದ ಅಜ್ಜಿ, ಮದುವೆಯಾಗದೆ ತೀರಿಕೊಂಡ ಹುಡುಗಿ, ಪರದೇಶದಿಂದ ಬಂದು ನೆಲಸಿದ ಕಸುಬುದಾರ, ಇಪ್ಪತ್ತು ವಯಸ್ಸಿನ ಸವಾರ. ಇವರೆಲ್ಲ ಇದ್ದರೆಂಬುದಕ್ಕೆ ಆ ಕಲ್ಲೊಂದೇ ಸಾಕ್ಷಿ. ಕಲ್ಲನ್ನು ಓದುವವರು ಇಲ್ಲದೆ ಹೋದರೆ ಆ ಸಾಕ್ಷಿಯೂ ಮೂಕವಾಯಿತೆಂದೇ ತಿಳಿಯಬೇಕು.

ಮೊದಲು ಇವು ಎಲ್ಲಿದ್ದುವೆಂಬುದನ್ನು ನೋಡೋಣ. ಗ್ರೀಕರಲ್ಲಿ ಹೂಳುವುದೂ ಉಂಟು, ಸುಟ್ಟು ಅಸ್ಥಿಯನ್ನು ಕಲಶದಲ್ಲಿಟ್ಟು ಹೂಳುವುದೂ ಉಂಟು. ಯಾವುದಾದರೂ ಸಮಾಧಿಯ ಸ್ಥಳ ಸಾಮಾನ್ಯವಾಗಿ ಊರ ಕೋಟೆಯ ಹೊರಗೆ, ಹೆದ್ದಾರಿಯ ಎರಡು ಮಗ್ಗುಲುಗಳಲ್ಲಿ. ಅಥೆನ್ಸಿನ ವಾಯವ್ಯಕ್ಕೆ ಕೆರಮೈಕಾಸ್ ಎಂಬ ಸ್ಥಳವುಂಟು. ಕುಂಬಾರರ ಕೇರಿ ಎಂದು ಆ ಹೆಸರಿನ ತಾತ್ಪರ್ಯ. ಅಲ್ಲಿ ಊರಿಗೆ ಎರಡು ದೊಡ್ಡ ಬಾಗಿಲುಗಳಿದ್ದುವು. ಅವುಗಳಲ್ಲಿ ಒಂದರಿಂದ ಎಲ್ಯೂಸಿಸ್ ಕ್ಷೇತ್ರಕ್ಕೆ ಹೋಗುವ ಪವಿತ್ರಮಾರ್ಗ ಹೊರಡುತ್ತಿತ್ತು. ಆ ದಾರಿಗಳ ಅಂಚಿನಲ್ಲಿ, ಧೂಳಿನಲ್ಲಿಯೂ ಸದ್ದಿನಲ್ಲಿಯೂ, ಸತ್ತವರು ಇದ್ದರು. ಸಂತೆಗೆ ಬರುವ ಒಕ್ಕಲಿಗನೂ ಯಾತ್ರೆಗೆ ಹೊರಟ ಭಕ್ತನೂ ದೂರದೇಶದ ವರ್ತಕನೂ ಈ ಕಲ್ಲುಗಳ ಸಾಲಿನ ನಡುವೆಯೇ ನಡೆದು ಊರನ್ನು ಹೊಗಬೇಕಾಗಿತ್ತು. ಜನರ ಕಣ್ಣಿಗೆ ಬೀಳಲೆಂದೇ ಸಮಾಧಿಗಳನ್ನು ಇಲ್ಲಿ ಕಟ್ಟುತ್ತಿದ್ದರು. ಸಮಾಧಿಶಾಸನದ ಮಾತು ಮುಖ್ಯವಾಗಿ ದಾರಿಹೋಕನನ್ನು ಉದ್ದೇಶಿಸಿದ್ದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅದರ ಅರ್ಧ ಅರ್ಥ ತಾನಾಗಿಯೇ ತಿಳಿಯುತ್ತದೆ.

ಗ್ರೀಕರು ಸಮಾಧಿಗೆ 'ಸೇಮ' ಎಂಬ ಪದವನ್ನು ಉಪಯೋಗಿಸುತ್ತಿದ್ದರು. ಗುರುತು ಎಂಬುದೂ ಅದೇ ಪದದ ಅರ್ಥ. ಇನ್ನೊಂದು ಪದ 'ಮ್ನೇಮ', ಅಂದರೆ ಜ್ಞಾಪಕ. ಹಳೆಯ ಶಾಸನಗಳಲ್ಲಿ ಎಷ್ಟೋ ವೇಳೆ ಆ ಕಲ್ಲು ತಾನೇ 'ನಾನು' ಎಂದು ಮಾತನಾಡುತ್ತದೆ. ತಾನು ಇಂಥವನ ಗುರುತು, ತನ್ನನ್ನು ನಿಲ್ಲಿಸಿದವರು ಇಂಥವರು ಎಂದು ಹೇಳಿಕೊಳ್ಳುತ್ತದೆ. ಅಟಿಕ ಪ್ರಾಂತದ ಅನವೀಸಾಸ್ ಎಂಬಲ್ಲಿ ದೊರೆತ, ಕ್ರಿ. ಪೂ. ಸುಮಾರು ೫೩೦ರ ಒಂದು ತರುಣವಿಗ್ರಹ ಈಗ ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿದೆ. ಅದರದೆಂದು ಗುರುತಿಸಿರುವ ಪೀಠದ ಮೇಲೆ ಪದ್ಯರೂಪವಾದ ಒಂದು ಶಾಸನವಿದೆ. ಯುದ್ಧದಲ್ಲಿ ಮುಂಚೂಣಿಯಲ್ಲಿ ನಿಂತು ಮಡಿದ ಕ್ರೀಸಸ್ ಎಂಬ ಯುವಕನ ಸಮಾಧಿಯ ಬಳಿ ನಿಂತು ಮರುಗಬೇಕೆಂದು ಅದು ಬಂದವನನ್ನು ಬೇಡುತ್ತದೆ. ಅವನ ತಂದೆ ಯಾರು, ಅವನು ಯಾವ ಯುದ್ಧದಲ್ಲಿ ಬಿದ್ದ, ಏನನ್ನೂ ಅದು ಹೇಳುವುದಿಲ್ಲ. ಅದು ಕೇಳುವುದು ಒಂದೇ: ಒಂದು ನಿಮಿಷದ ನಿಲುವು, ಒಂದು ನಿಟ್ಟುಸಿರು.

ಇದಕ್ಕಿಂತಲೂ ಮನಸ್ಸಿಗೆ ನಾಟುವುದು ಫ್ರಾಸಿಕ್ಲೈಯ ಎಂಬ ಹುಡುಗಿಯ ಸಮಾಧಿ. ಮೆರೆಂಡ ಎಂಬ ಗ್ರಾಮದ ಬಳಿ ಒಂದು ಚರ್ಚಿನ ಕಟ್ಟಡದೊಳಗೆ ಕಲ್ಲೊಂದು ಸೇರಿಹೋಗಿತ್ತು. ಅದರ ಮೇಲೆ ಶಾಸನವಿರುವುದು ೧೮ನೆಯ ಶತಮಾನದಿಂದಲೂ ವಿದ್ವಾಂಸರಿಗೆ ತಿಳಿದಿದ್ದಿತು. ಅದು ಒಂದು ವಿಗ್ರಹದ ಪೀಠ; ಆದರೆ ವಿಗ್ರಹವಿಲ್ಲ. ಶಾಸನದಲ್ಲಿ ಹುಡುಗಿ ತಾನೇ ಮಾತನಾಡುತ್ತಾಳೆ. ಮದುವೆಗೆ ಬದಲಾಗಿ ದೇವತೆಗಳು ತನಗೆ ಕೊಟ್ಟದ್ದು ಕನ್ಯೆಯೆಂಬ ಹೆಸರು, ಇನ್ನು ಎಂದೆಂದಿಗೂ ತನಗೆ ಅದೇ ಹೆಸರು ಎಂಬುದು ಅವಳ ಮಾತಿನ ಆಶಯ. ಪೀಠದ ಪಕ್ಕದಲ್ಲಿ ಪೇರಾಸ್ ದ್ವೀಪದ ಅರಿಸ್ಟಿಯಾನ್ ಎಂಬ ಶಿಲ್ಪಿಯ ಹೆಸರೂ ಉಂಟು. ೧೯೭೨ರಲ್ಲಿ ಆ ಚರ್ಚಿಗೆ ಸ್ವಲ್ಪ ದೂರದಲ್ಲಿ ನೆಲವನ್ನು ಅಗೆದಾಗ, ಗುಂಡಿಯೊಂದರಲ್ಲಿ ಜೋಪಾನವಾಗಿ ಮಲಗಿಸಿದ್ದ ಎರಡು ವಿಗ್ರಹಗಳು ದೊರೆತುವು. ಒಂದು ತರುಣನದು, ಇನ್ನೊಂದು ಕಿರೀಟ ಧರಿಸಿ, ಕೆಂಪು ಬಣ್ಣದ ಉಡುಪಿನಲ್ಲಿ, ಎದೆಯ ಬಳಿ ಅರಳದ ಕಮಲದ ಮೊಗ್ಗನ್ನು ಹಿಡಿದಿರುವ ಕನ್ಯೆಯದು. ವಿಗ್ರಹವನ್ನು ಪೀಠಕ್ಕೆ ಕೂರಿಸಿದ್ದ ಸೀಸದ ಬೆಸುಗೆಯಿಂದ ಎರಡೂ ಒಂದಕ್ಕೊಂದು ಸೇರಿದುವೆಂದು ಖಚಿತವಾಯಿತು. ಕ್ರಿ. ಪೂ. ಸುಮಾರು ೫೫೦–೫೪೦ರಲ್ಲಿ ಮಾಡಿದ ಆ ಮೂರ್ತಿಯೂ ಅದರ ಮಾತೂ ಬಹುಕಾಲ ಅಗಲಿದ್ದು ಈಗ ಅಥೆನ್ಸಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಮತ್ತೆ ಕೂಡಿವೆ. ಪೀಠವಿಲ್ಲದಿದ್ದರೆ ಆ ಮೊಗ್ಗು ಏಕೆ ಅರಳಲಿಲ್ಲವೆಂಬುದು ನಮಗೆ ತಿಳಿಯುತ್ತಿರಲಿಲ್ಲ.

ಆ ಹುಡುಗಿಯ ಹೆಸರಿನಲ್ಲಿಯೇ ಒಂದು ವಿಶೇಷವುಂಟು. ಅದರ ಕೊನೆಯ ಭಾಗದಲ್ಲಿ ಅಡಗಿರುವುದು 'ಕ್ಲೆಯಾಸ್' ಎಂಬ ಗ್ರೀಕ್ ಪದ. ಕೀರ್ತಿ ಎಂದು ಅದರ ಅರ್ಥ. ಸಂಸ್ಕೃತದ 'ಶ್ರವಸ್' ಎಂಬ ಪದ ಇದಕ್ಕೆ ಒಡಹುಟ್ಟಿದುದೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಶ್ರವಣ, ಶ್ರುತಿ, ಶ್ರೋತೃ ಎಂಬ ಮಾತುಗಳನ್ನು ಬಲ್ಲ ನಮ್ಮ ಜನರಿಗೆ ಇದರ ಮರ್ಮ ಬೇಗನೆ ಹೊಳೆಯುತ್ತದೆ. ಕೀರ್ತಿಯೆಂದರೆ ಕಿವಿಗೆ ಬೀಳುವುದು. ಹೇಳುವ ಬಾಯಿ, ಕೇಳುವ ಕಿವಿ ಇರುವವರೆಗೆ ಮಾತ್ರ ಅದು ಬಾಳುತ್ತದೆ. ಗ್ರೀಕರು ಬರೆದದ್ದನ್ನು ಸಾಧಾರಣವಾಗಿ ಗಟ್ಟಿಯಾಗಿ ಓದುತ್ತಿದ್ದರು. ಆದಕಾರಣ ದಾರಿಹೋಕನು ನಿಂತು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದಾಗ ಸತ್ತವರ ಹೆಸರು ಗಾಳಿಯಲ್ಲಿ ಮತ್ತೊಮ್ಮೆ ಕೇಳಿಸುತ್ತಿತ್ತು. ಕಲ್ಲಿಗೆ ನಾಲಗೆಯಿಲ್ಲ, ಓದುವವನು ತನ್ನ ನಾಲಗೆಯನ್ನು ಅದಕ್ಕೆ ಸಾಲವಾಗಿ ಕೊಡಬೇಕು. ಕಲ್ಲಿಗೂ ದಾರಿಹೋಕನಿಗೂ ಇದ್ದ ಒಪ್ಪಂದ ಇಷ್ಟೇ.

ಇನ್ನು ಬರಹದ ಕ್ರಮವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಅತಿ ಹಳೆಯ ಶಾಸನಗಳಲ್ಲಿ ಪಂಕ್ತಿ ಬಲದಿಂದ ಎಡಕ್ಕೆ ಹೋಗುವುದುಂಟು. ಒಂದು ಪಂಕ್ತಿ ಬಲಕ್ಕೂ ಮುಂದಿನದು ಎಡಕ್ಕೂ, ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗುವಂತೆ, ತಿರುಗಿಕೊಂಡು ಬರುವುದೂ ಉಂಟು. ಗ್ರೀಕರು ಅದಕ್ಕೆ ಎತ್ತಿನ ತಿರುವು ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ಪದಕ್ಕೂ ಪದಕ್ಕೂ ನಡುವೆ ತೆರಪು ಬಿಡುವುದು ವಾಡಿಕೆಯಲ್ಲ. ಕೊರೆದ ಅಕ್ಷರಗಳು ಎದ್ದು ಕಾಣುವಂತೆ ಅನೇಕ ವೇಳೆ ಕೆಂಪು ಬಣ್ಣ ತುಂಬುತ್ತಿದ್ದರು. ಅಥೆನ್ಸಿನವರು ಕ್ರಿ. ಪೂ. ೪೦೩ರಲ್ಲಿ ತಮ್ಮ ಹಳೆಯ ಅಕ್ಷರಮಾಲೆಯನ್ನು ಬಿಟ್ಟು ಅಯೋನಿಯದ ಅಕ್ಷರಮಾಲೆಯನ್ನು ಸರಕಾರದ ಬರಹಕ್ಕೆ ಅಂಗೀಕರಿಸಿದರು. ಹೀಗೆ ಅಕ್ಷರದ ರೂಪವೇ ಕಲ್ಲಿನ ಕಾಲವನ್ನು ಸುಮಾರಾಗಿ ತಿಳಿಸುವುದುಂಟು. ಉಬ್ಬುಚಿತ್ರವಿಲ್ಲದೆ ಬೋಳಾಗಿ ಕಾಣುವ ಎಷ್ಟೋ ಕಲ್ಲುಗಳ ಮೇಲೆ ಹಿಂದೆ ಬಣ್ಣದ ಚಿತ್ರವಿದ್ದಿತು. ಮಳೆಬಿಸಿಲುಗಳಿಗೆ ಅದು ಅಳಿಸಿಹೋಗಿದೆ. ಥೆಸಲಿ ಪ್ರಾಂತದ ಡಿಮೀಟ್ರಿಯಾಸ್ ಎಂಬ ಪಟ್ಟಣದಲ್ಲಿ ಮಾತ್ರ ಇಂಥ ಕಲ್ಲುಗಳನ್ನು ಕೋಟೆಯ ಗೋಪುರಗಳೊಳಗೆ ತುಂಬಿಬಿಟ್ಟಿದ್ದರಿಂದ ಅವುಗಳ ಬಣ್ಣ ಉಳಿಯಿತು. ಅವು ಈಗ ವೋಲಾಸ್ ಊರಿನ ಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಒಂದರಲ್ಲಿ ಹೆಡಿಸ್ಟೆ ಎಂಬ ಬಾಣಂತಿ ಹಾಸಿಗೆಯ ಮೇಲೆ ಒರಗಿದ್ದಾಳೆ. ತಾಯಿಯೂ ಕೂಸೂ ಒಂದೇ ಗೋರಿಯಲ್ಲಿ ಸೇರಿದರೆಂದು ಕೆಳಗಿನ ಪದ್ಯ ತಿಳಿಸುತ್ತದೆ.

ಪದ್ಯವಿರುವ ಕಲ್ಲುಗಳು ಕಡಮೆ. ಬಹುಪಾಲು ಶಾಸನಗಳಲ್ಲಿರುವುದು ಹೆಸರು ಮಾತ್ರ. ಆದರೆ ಆ ಹೆಸರನ್ನು ಬರೆಯುವ ರೀತಿಯಲ್ಲಿ ಆ ಸಮಾಜವೇ ಕಾಣುತ್ತದೆ. ಅಥೆನ್ಸಿನ ಪೌರನಾದರೆ ಅವನ ಹೆಸರು, ತಂದೆಯ ಹೆಸರು, ಅವನ ಮನೆತನ ದಾಖಲಾಗಿದ್ದ ಗ್ರಾಮದ ಹೆಸರು. ಹೆಂಗಸಾದರೆ ಇಂಥವನ ಮಗಳು, ಇಲ್ಲವೆ ಇಂಥವನ ಹೆಂಡತಿ. ಕೆರಮೈಕಾಸಿನಲ್ಲಿ ೧೮೭೦ರಲ್ಲಿ ದೊರೆತ ಪ್ರಸಿದ್ಧವಾದ ಕಲ್ಲಿನಲ್ಲಿ ಕುರ್ಚಿಯ ಮೇಲೆ ಕುಳಿತ ಹೆಂಗಸು ಸೇವಕಿ ಹಿಡಿದಿರುವ ಪೆಟ್ಟಿಗೆಯಿಂದ ಒಡವೆಯೊಂದನ್ನು ತೆಗೆದು ನೋಡುತ್ತಿದ್ದಾಳೆ. ಅವಳು ಪ್ರಾಕ್ಸಿನಾಸನ ಮಗಳು ಹೆಗೆಸೊ ಎಂದು ಮೇಲೆ ಬರೆದಿದೆ; ಸೇವಕಿಯ ಹೆಸರನ್ನು ಬರೆದಿಲ್ಲ. ಪರದೇಶದವನಾದರೆ ಗ್ರಾಮದ ಹೆಸರಿಗೆ ಬದಲಾಗಿ ಅವನ ದೇಶದ ಹೆಸರು ಬರುತ್ತದೆ. ಕೆಲವು ಸಣ್ಣ ಕಲ್ಲುಗಳಲ್ಲಿ ತಂದೆಯೂ ಇಲ್ಲ, ಊರೂ ಇಲ್ಲ. ಒಂದು ಹೆಸರು, ಅದರ ಮುಂದೆ ಒಳ್ಳೆಯವನು ಅಥವಾ ಒಳ್ಳೆಯವಳು ಎಂಬ ಅರ್ಥದ ಒಂದು ಪದ. ಅಥೆನ್ಸಿನಲ್ಲಿ ಇಂಥವು ಬಹುಮಟ್ಟಿಗೆ ಗುಲಾಮರವೆಂದು ವಿದ್ವಾಂಸರ ಅಭಿಪ್ರಾಯ. ಹೆಸರೇ ಇಲ್ಲದೆ ಮಣ್ಣಾದವರು ಇನ್ನೆಷ್ಟು ಮಂದಿಯೋ! ಮುಂದಿನ ಕಾಲದಲ್ಲಿ ಹೆಸರಿನ ಜೊತೆಗೆ 'ಖೈರೆ' ಎಂಬ ಮಾತು ಹೆಚ್ಚಾಗಿ ಬರುತ್ತದೆ. ಸುಖವಾಗಿರು ಎಂದು ಅದರ ಅರ್ಥ. ಗ್ರೀಕರು ಭೇಟಿಯಾದಾಗ ಹೇಳುತ್ತಿದ್ದುದೂ ಅದೇ, ಬೀಳ್ಕೊಳ್ಳುವಾಗ ಹೇಳುತ್ತಿದ್ದುದೂ ಅದೇ. ಇದನ್ನು ಬದುಕಿರುವವನು ಸತ್ತವನಿಗೆ ಹೇಳಿದನೋ, ಸತ್ತವನು ದಾರಿಹೋಕನಿಗೆ ಹೇಳಿದನೋ, ಎರಡೂ ಸರಿಯೇ.

ಚಿತ್ರಕ್ಕೂ ಬರಹಕ್ಕೂ ಇರುವ ನಂಟನ್ನು ತಿಳಿಯಲು ಒಂದು ಉದಾಹರಣೆ ಸಾಕು. ಕೆರಮೈಕಾಸಿನ ಸಂಗ್ರಹಾಲಯದಲ್ಲಿ ಕ್ರಿ. ಪೂ. ಸುಮಾರು ೪೩೦–೪೨೦ರ ಒಂದು ಕಲ್ಲಿದೆ. ಅದರಲ್ಲಿ ಕುಳಿತಿರುವ ಹೆಂಗಸೊಬ್ಬಳು ಎಳೆಯ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅದರ ಮುಖವನ್ನೇ ನೋಡುತ್ತಿದ್ದಾಳೆ. ಯಾರು ನೋಡಿದರೂ ತಾಯಿಮಗುವೆಂದೇ ಹೇಳುತ್ತಾರೆ. ಮೇಲಿನ ಬರಹ ಬೇರೆ ಹೇಳುತ್ತದೆ. ಆಕೆ ಆಂಫರೀಟೆ, ಆ ಕೂಸು ಅವಳ ಮಗಳ ಮಗು. ಇಬ್ಬರೂ ಬದುಕಿ ಸೂರ್ಯನ ಬೆಳಕನ್ನು ಕಾಣುತ್ತಿದ್ದಾಗ ಅದನ್ನು ಮೊಳಕಾಲ ಮೇಲಿಟ್ಟುಕೊಂಡು ಆಡಿಸುತ್ತಿದ್ದಳು. ಈಗ ಸತ್ತವಳು ಸತ್ತ ಮಗುವನ್ನು ಎತ್ತಿಕೊಂಡಿದ್ದಾಳೆ. ಶಿಲ್ಪಿ ಅಜ್ಜಿಯ ಮುಖದಲ್ಲಿ ಒಂದು ಸುಕ್ಕನ್ನೂ ತೋರಿಸಿಲ್ಲ. ಆ ಕಾಲದ ಕಲೆಯ ಮರ್ಯಾದೆ ಅಂಥದು. ಸುಕ್ಕು ಕಾಣಿಸುವುದು ಬರಹದಲ್ಲಿ. ಬರಹವನ್ನು ಬಿಟ್ಟು ಶಿಲ್ಪವನ್ನು ಮಾತ್ರ ನೋಡಿ ಹೋದವನು ಅಜ್ಜಿಯನ್ನು ನೋಡಲೇ ಇಲ್ಲ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಮೆಲಿಟ್ಟ ಎಂಬ ದಾದಿಯ ಕಲ್ಲಿದೆ; ಕ್ರಿ. ಪೂ. ೪ನೆಯ ಶತಮಾನದ್ದು. ಅವಳ ತಂದೆ ಅಪಾಲೊಡೋರಸ್ ಅಥೆನ್ಸಿನ ಪೌರನಲ್ಲ. ಹೊರಗಿನಿಂದ ಬಂದು ನೆಲಸಿ, ತೆರಿಗೆಯ ವಿಷಯದಲ್ಲಿ ಪೌರರಿಗೆ ಸಮಾನನೆಂಬ ಮನ್ನಣೆ ಪಡೆದವನು. ಅವಳು ಸಾಕಿದ ಹಿಪ್ಪೊಸ್ಟ್ರಾಟೆ ಎಂಬ ಹೆಣ್ಣುಮಗಳು ಬೆಳೆದ ಮೇಲೂ ದಾದಿಯನ್ನು ಮರೆಯಲಿಲ್ಲ. ಕಲ್ಲಿನ ಮೇಲಿನ ಮಾತು ಅವಳದು. ಬದುಕಿದ್ದಾಗ ಪ್ರೀತಿಸಿದೆನು, ಮಣ್ಣಿನ ಕೆಳಗಿರುವಾಗಲೂ ಗೌರವಿಸುತ್ತೇನೆ, ನನ್ನ ಜೀವವಿರುವವರೆಗೂ ಗೌರವಿಸುವೆನು ಎಂಬುದು ಅದರ ಭಾವ. ಕೊನೆಗೆ ಅವಳು ಹೇಳುವುದು ಗಮನಿಸತಕ್ಕದ್ದು: ಕೆಳಗಣ ಲೋಕದಲ್ಲಿ ಒಳ್ಳೆಯವರಿಗೆ ಬಹುಮಾನವೆಂಬುದು ಇರುವುದಾದರೆ ಮೊದಲನೆಯದು ತನ್ನ ದಾದಿಗೆ ಸಲ್ಲುತ್ತದೆಯಂತೆ. ಈ 'ಆದರೆ' ಎಂಬ ಮಾತಿನಲ್ಲಿ ಗ್ರೀಕರ ಮನಸ್ಸು ತೋರುತ್ತದೆ. ಅವರ ಸಮಾಧಿಶಾಸನಗಳಲ್ಲಿ ಸ್ವರ್ಗದ ಭರವಸೆ ಅಪರೂಪ. ಕ್ರಿ. ಪೂ. ೪೩೨ರಲ್ಲಿ ಪಾಟಿಡಿಯ ಎಂಬಲ್ಲಿ ಮಡಿದ ಸೈನಿಕರ ಕಲ್ಲೊಂದು ಅದೇ ಸಂಗ್ರಹಾಲಯದಲ್ಲಿದ್ದು, ಅವರ ಆತ್ಮಗಳನ್ನು ಆಕಾಶವೂ ದೇಹಗಳನ್ನು ಭೂಮಿಯೂ ಸ್ವೀಕರಿಸಿದುವೆಂದು ಹೇಳುತ್ತದೆ. ಇಂಥ ಮಾತು ಅಲ್ಲಲ್ಲಿ ಬಂದರೂ, ಸಾಮಾನ್ಯವಾಗಿ ಅವರು ನೆಚ್ಚಿದ್ದು ಬದುಕಿರುವವರ ನೆನಪನ್ನು. ಹೆಸರು ನಿಲ್ಲಬೇಕೆಂಬ ಅವರ ಹಂಬಲ ಅಷ್ಟು ತೀವ್ರವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಯುದ್ಧದಲ್ಲಿ ಮಡಿದವರ ವಿಷಯದಲ್ಲಿ ಅಥೆನ್ಸಿನ ಸರಕಾರ ಬೇರೊಂದು ಕ್ರಮವನ್ನು ಇಟ್ಟುಕೊಂಡಿದ್ದಿತು. ಅವರ ಅಸ್ಥಿಗಳನ್ನು ಊರಿಗೆ ತಂದು, ಪಂಗಡಕ್ಕೊಂದರಂತೆ ಪೆಟ್ಟಿಗೆಗಳಲ್ಲಿಟ್ಟು, ದೇಹ ಸಿಕ್ಕದವರಿಗಾಗಿ ಬರಿದಾದ ಒಂದು ಚಟ್ಟವನ್ನೂ ಹೊತ್ತು, ಸಾರ್ವಜನಿಕವಾಗಿ ಸಂಸ್ಕಾರ ಮಾಡುತ್ತಿದ್ದರೆಂದು ಥ್ಯೂಸಿಡಿಡೀಸನು ಬರೆದಿದ್ದಾನೆ. ಆಮೇಲೆ ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕ್ರಿ. ಪೂ. ಸುಮಾರು ೪೬೦ರ ಇಂಥದೊಂದು ಪಟ್ಟಿ ಇದೆ. ಅಥೆನ್ಸಿನ ಹತ್ತು ಪಂಗಡಗಳಲ್ಲಿ ಎರೆಕ್ಥೇಯಿಸ್ ಎಂಬ ಒಂದೇ ಪಂಗಡದವರು ಒಂದೇ ವರ್ಷದಲ್ಲಿ ಸೈಪ್ರಸ್, ಈಜಿಪ್ಟ್, ಫಿನೀಷಿಯ, ಹಲಿಯೈ, ಈಜೈನ, ಮೆಗಾರ ಎಂಬ ಆರು ರಣರಂಗಗಳಲ್ಲಿ ಸತ್ತುದನ್ನು ಅದು ತಿಳಿಸುತ್ತದೆ. ಹೆಸರುಗಳು ೧೭೦ಕ್ಕೆ ಮಿಕ್ಕಿವೆ. ಇಲ್ಲಿ ತಂದೆಯ ಹೆಸರಿಲ್ಲ, ಗ್ರಾಮದ ಹೆಸರಿಲ್ಲ. ಧನಿಕನೂ ಬಡವನೂ ಸಾಲಿನಲ್ಲಿ ಒಂದೇ. ಸೇನಾಪತಿ, ಸೇನೆಯೊಡನೆ ಹೋಗಿದ್ದ ಶಕುನಗಾರ, ಬಿಲ್ಲುಗಾರ ಎಂಬ ಗುರುತು ಮಾತ್ರ ಎಲ್ಲಿಯೋ ಒಂದೆರಡು ಕಡೆ ಬರುತ್ತದೆ. ಅಥೆನ್ಸಿನ ವೈಭವದ ಕಾಲವೆಂದು ನಾವು ತರಗತಿಗಳಲ್ಲಿ ವರ್ಣಿಸುವ ದಶಕಗಳಿಗೆ ಮನೆಮನೆಯವರು ಏನು ತೆತ್ತರೆಂಬ ಲೆಕ್ಕ ಈ ಕಲ್ಲಿನಲ್ಲಿದೆ.

ಮನೆಯವರಿಗೆ ಆ ಸಾರ್ವಜನಿಕವಾದ ಪಟ್ಟಿ ಸಾಲುತ್ತಿರಲಿಲ್ಲ. ೧೮೬೩ರಲ್ಲಿ ಕೆರಮೈಕಾಸಿನಲ್ಲಿ ದೊರೆತ ಡೆಕ್ಸಿಲಿಯಾಸನ ಕಲ್ಲು ಇದಕ್ಕೆ ನಿದರ್ಶನ. ಕುದುರೆಯನ್ನೇರಿದ ಯುವಕನು ಕೆಳಗೆ ಬಿದ್ದ ಶತ್ರುವನ್ನು ಇರಿಯುವ ಚಿತ್ರ. ಕೆಳಗೆ ಗದ್ಯದಲ್ಲಿ ನಾಲ್ಕು ಪಂಕ್ತಿ. ಅವನು ಥಾರಿಕಾಸ್ ಗ್ರಾಮದ ಲೈಸೇನಿಯಸನ ಮಗ; ಟೈಸಾಂಡರನು ಆರ್ಕನ್ ಆಗಿದ್ದ ವರ್ಷದಲ್ಲಿ ಹುಟ್ಟಿ ಯೂಬ್ಯುಲೈಡಿಸನು ಆರ್ಕನ್ ಆಗಿದ್ದ ವರ್ಷದಲ್ಲಿ ಕಾರಿಂತಿನಲ್ಲಿ ಸತ್ತನು. ಆರ್ಕನ್ ಎಂಬ ಅಧಿಕಾರಿಯ ಹೆಸರಿನಿಂದ ವರ್ಷವನ್ನು ಎಣಿಸುವುದು ಅಥೆನ್ಸಿನ ಪದ್ಧತಿ. ನಮ್ಮ ಎಣಿಕೆಯಲ್ಲಿ ಅವು ಕ್ರಿ. ಪೂ. ೪೧೪–೪೧೩ ಮತ್ತು ೩೯೪–೩೯೩. ಹುಟ್ಟಿದ ವರ್ಷವನ್ನು ಹೇಳುವುದು ಅಥೆನ್ಸಿನ ಕಲ್ಲುಗಳಲ್ಲಿ ರೂಢಿಯಿಲ್ಲ. ಇಲ್ಲೇಕೆ ಹೇಳಿದರು? ಕ್ರಿ. ಪೂ. ೪೦೪ರಲ್ಲಿ ಮೂವತ್ತು ಮಂದಿ ದುರಾಡಳಿತಗಾರರು ಅಥೆನ್ಸನ್ನು ಹಿಂಸಿಸಿದಾಗ ಕುದುರೆಯ ಸವಾರರು ಅವರ ಪಕ್ಷದಲ್ಲಿದ್ದರೆಂಬ ಅಪವಾದ ಊರಿನಲ್ಲಿ ಉಳಿದಿತ್ತು. ನಮ್ಮ ಹುಡುಗ ಆಗ ಹತ್ತು ವರ್ಷದ ಮಗು, ಆ ಪಾಪಕ್ಕೆ ಅವನು ಹೊಣೆಯಲ್ಲ ಎಂದು ತಂದೆತಾಯಿಗಳು ಲೋಕಕ್ಕೆ ತಿಳಿಸಿದ್ದಾರೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಊಹೆಯೇ ಆಗಲಿ, ಎರಡು ತಾರೀಖುಗಳ ಹಿಂದೆ ಒಂದು ಮನೆಯ ಮಾನದ ಪ್ರಶ್ನೆ ಇರಬಹುದೆಂಬುದನ್ನು ಇದು ನಮಗೆ ಕಲಿಸುತ್ತದೆ.

ಸತ್ತವರಿಗೆ ಕಲ್ಲು ನಿಲ್ಲಿಸುವುದಕ್ಕೂ ಬದುಕಿರುವವರ ರಾಜಕೀಯಕ್ಕೂ ಇನ್ನೊಂದು ಸಂಬಂಧವುಂಟು. ಕ್ರಿ. ಪೂ. ೩೧೭ರಿಂದ ೩೦೭ರವರೆಗೆ ಅಥೆನ್ಸನ್ನಾಳಿದ ಫೆಲೀರಮ್ಮಿನ ಡಿಮೀಟ್ರಿಯಸನು ಸಮಾಧಿಗಳ ಆಡಂಬರವನ್ನು ನಿಷೇಧಿಸಿದನು. ಮೂರು ಮೊಳಕ್ಕೆ ಮೀರದ ಸಣ್ಣ ಕಂಬ, ಇಲ್ಲವೆ ಒಂದು ಚಪ್ಪಡಿಯ ಮೇಜು, ಇಲ್ಲವೆ ಒಂದು ಕಲ್ಲಿನ ತೊಟ್ಟಿ. ಅದಕ್ಕೆ ಹೆಚ್ಚಿನದು ಕೂಡದೆಂದು ಅವನ ಕಟ್ಟಳೆಯಾಗಿತ್ತೆಂದು ಸಿಸಿರೊ ಬರೆದಿದ್ದಾನೆ. ಅಲ್ಲಿಂದ ಮುಂದೆ ಉಬ್ಬುಚಿತ್ರದ ಕಲ್ಲುಗಳು ಅಥೆನ್ಸಿನಲ್ಲಿ ನಿಂತುಹೋಗಿ, ಹೆಸರೊಂದನ್ನೇ ಹೊತ್ತ ಕುಳ್ಳು ಕಂಬಗಳು ಸಾಲುಸಾಲಾಗಿ ಬರುತ್ತವೆ.

ಕಲ್ಲುಗಳು ತಮ್ಮ ಸ್ಥಳವನ್ನು ಬಿಟ್ಟು ಹೋದದ್ದು ವಸ್ತುಸಂಗ್ರಹಾಲಯಗಳಿಂದಲೇ ಎಂದು ತಿಳಿಯಕೂಡದು. ಪರ್ಷಿಯನರು ಊರನ್ನು ಹಾಳುಮಾಡಿ ಹೋದಮೇಲೆ ಕ್ರಿ. ಪೂ. ೪೭೮ರಲ್ಲಿ ಅಥೆನ್ಸಿನವರು ಅವಸರ ಅವಸರವಾಗಿ ಕೋಟೆಗೋಡೆಯನ್ನು ಎಬ್ಬಿಸುವಾಗ ತಮ್ಮ ಹಿರಿಯರ ಸಮಾಧಿಯ ಕಲ್ಲುಗಳನ್ನೇ ಕಿತ್ತು ಗೋಡೆಗೆ ತುಂಬಿದರು. ಥ್ಯೂಸಿಡಿಡೀಸನು ಇದನ್ನು ಬರೆದಿದ್ದಾನೆ. ಅಗೆತದಲ್ಲಿ ಅಂಥ ಕಲ್ಲುಗಳು ದೊರೆತು ಅವನ ಮಾತು ನಿಜವಾಯಿತು. ಮುಂದೆ ಚರ್ಚು, ಬಾವಿ, ಮನೆಯ ಹೊಸ್ತಿಲು ಎಲ್ಲಕ್ಕೂ ಇವು ಒದಗಿದುವು. ಸಂಗ್ರಹಕಾರರ ಆಸೆ ಹೆಚ್ಚಾದ ಮೇಲೆ ಬೇರೆಯ ಬಗೆಯ ಹಾನಿ ಮೊದಲಾಯಿತು. ಆಗ ಹೇಳಿದ ಕ್ರೀಸಸನ ವಿಗ್ರಹವನ್ನೇ ಕಳ್ಳರು ಗರಗಸದಿಂದ ತುಂಡುಮಾಡಿ ಫ್ರಾನ್ಸಿಗೆ ಸಾಗಿಸಿದ್ದರು. ೧೯೩೭ರಲ್ಲಿ ಅದು ತಾಯ್ನಾಡಿಗೆ ಹಿಂತಿರುಗಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ನಾಲ್ಕು ಮೀಟರಿಗೂ ಎತ್ತರವಾದ ಒಂದು ಸಮಾಧಿಶಿಲೆಯಿದೆ, ಕ್ರಿ. ಪೂ. ಸುಮಾರು ೫೩೦ರದು. ಅದರಲ್ಲಿ ಒಬ್ಬ ಹುಡುಗನೂ ಅವನ ಪಕ್ಕದಲ್ಲಿ ಚಿಕ್ಕ ಹುಡುಗಿಯೂ ನಿಂತಿದ್ದಾರೆ. ಹುಡುಗಿಯ ನಿಜವಾದ ತಲೆ ಬರ್ಲಿನ್ನಿನಲ್ಲಿದೆ. ನ್ಯೂಯಾರ್ಕಿನಲ್ಲಿರುವುದು ಅದರ ಅಚ್ಚು. ಪೀಠದ ಶಾಸನದಲ್ಲಿ ತಂದೆಯೂ ತಾಯಿಯೂ ತಮ್ಮ ಪ್ರಿಯನಾದವನಿಗೆ ಇದನ್ನು ನಿಲ್ಲಿಸಿದರೆಂಬ ಮಾತು ಉಳಿದಿದೆ. ಆದರೆ ಆ ಪ್ರಿಯನ ಹೆಸರಿನ ಮೊದಲೆರಡು ಅಕ್ಷರಗಳಾದಮೇಲೆ ಕಲ್ಲು ಒಡೆದಿದೆ. ಮೆಗಾಕ್ಲೀಸ್ ಎಂದಿರಬೇಕೆಂದು ಪಂಡಿತರು ತುಂಬಿಕೊಂಡಿದ್ದಾರೆ. ಹೆಸರನ್ನು ಉಳಿಸುವುದಕ್ಕಾಗಿಯೇ ತಂದೆತಾಯಿಗಳು ನಿಲ್ಲಿಸಿದ ಕಲ್ಲಿನಲ್ಲಿ ಉಳಿದೆಲ್ಲವೂ ನಿಂತು ಹೆಸರೊಂದು ಬಿದ್ದುಹೋಯಿತು.

ಇನ್ನೊಂದು ಕಥೆ ಸೈಕಿಲಾಸನ ಕಂಬದ್ದು. ಈಗಿನ ತುರ್ಕಿ ದೇಶದ ಐದಿನ್ ಪಟ್ಟಣದ ಬಳಿ, ಹಿಂದಿನ ಟ್ರಾಲೀಸ್ ಎಂಬ ಗ್ರೀಕ್ ಊರಿನಲ್ಲಿ, ರೈಲುದಾರಿ ಮಾಡುವ ಕಾಲದಲ್ಲಿ ದೊರೆತ ಸಣ್ಣ ದುಂಡುಕಂಬ ಅದು. ಕ್ರಿಸ್ತಶಕದ ಮೊದಲ ಎರಡು ಶತಮಾನಗಳದು. ವಿದ್ವಾಂಸನಾದ ರಾಮ್ಸೆಯು ೧೮೮೩ರಲ್ಲಿ ಅದನ್ನು ಪ್ರಕಟಿಸಿದನು. ತಾನು ಅಳಿಯದ ನೆನಪಿಗಾಗಿ ನಿಲ್ಲಿಸಿದ ಕಲ್ಲೆಂದು ಕಂಬ ಹೇಳಿಕೊಳ್ಳುತ್ತದೆ. ಅದರ ಕೆಳಗೆ, ಬಾಳು ಅಲ್ಪಕಾಲದ್ದಾದ್ದರಿಂದ ಇರುವವರೆಗೆ ನಲಿಯಬೇಕೆಂಬ ಭಾವದ ಒಂದು ಸಣ್ಣ ಹಾಡು. ಆ ಹಾಡಿನ ಅಕ್ಷರಗಳ ಮೇಲೆ ಸ್ವರಗಳ ಗುರುತು. ಮಾತೂ ಸ್ವರವೂ ಪೂರ್ಣವಾಗಿ ಉಳಿದುಬಂದಿರುವ ಅತ್ಯಂತ ಹಳೆಯ ಹಾಡೆಂದು ಇದನ್ನು ಎಣಿಸುತ್ತಾರೆ. ಇಂಥ ಕಂಬವನ್ನು ಆ ರೈಲುದಾರಿಯ ಇಂಜಿನಿಯರನ ಮನೆಯಲ್ಲಿ ಹೂವಿನ ಕುಂಡ ಇಡಲು ಉಪಯೋಗಿಸಿದರು. ಸಮನಾಗಿ ನಿಲ್ಲಲೆಂದು ಬುಡವನ್ನು ತೇದುಬಿಟ್ಟದ್ದರಿಂದ ಕಡೆಯ ಪಂಕ್ತಿ ಹಾಳಾಯಿತು. ಕಂಬ ೧೯೬೬ರಿಂದ ಕೋಪನ್‌ಹೇಗನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅಲ್ಲಿ ಅದು ಕ್ಷೇಮವಾಗಿದೆ. ಆದರೆ ಅದು ಯಾರ ಸಮಾಧಿಯ ಮೇಲಿದ್ದಿತು, ಪಕ್ಕದಲ್ಲಿ ಏನಿತ್ತು ಎಂಬುದನ್ನು ಹೇಳುವ ನೆಲ ಅದರ ಕೆಳಗಿಲ್ಲ.

ಸಂಗ್ರಹಾಲಯಗಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವು ಇಲ್ಲದಿದ್ದರೆ ಈ ಕಲ್ಲುಗಳಲ್ಲಿ ಬಹಳವು ಸುಣ್ಣದ ಗೂಡಿಗೆ ಹೋಗುತ್ತಿದ್ದುವು. ಅಥೆನ್ಸಿನಲ್ಲಿ ಶಾಸನಗಳಿಗಾಗಿಯೇ ಪ್ರತ್ಯೇಕವಾದ ಒಂದು ಸಂಗ್ರಹಾಲಯವಿದೆ. ಗ್ರೀಕ್ ಶಾಸನಗಳನ್ನೆಲ್ಲ ಒಂದೆಡೆ ಅಚ್ಚುಮಾಡಬೇಕೆಂಬ ಕಾರ್ಯವನ್ನು ಆಗಸ್ಟ್ ಬೆಕ್ ಎಂಬ ಪಂಡಿತನು ೧೮೧೫ರಲ್ಲಿ ಬರ್ಲಿನ್ನಿನ ವಿದ್ವತ್ಸಭೆಯಲ್ಲಿ ಆರಂಭಿಸಿದನು. ಅವರ ಉಪಾಯ ನಮಗೆ ಹೊಸದಲ್ಲ. ನೆನೆಸಿದ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ಬಡಿದು ಅಕ್ಷರಗಳ ತಗ್ಗಿನೊಳಕ್ಕೆ ಇಳಿಸಿ, ಒಣಗಿದ ಮೇಲೆ ಬಿಡಿಸಿದರೆ ಶಾಸನದ ಅಚ್ಚು ಕಾಗದದಲ್ಲಿ ನಿಲ್ಲುತ್ತದೆ. ೧೮೮೬ರಿಂದ ಎಪಿಗ್ರಾಫಿಯ ಕರ್ಣಾಟಿಕ ಸಂಪುಟಗಳನ್ನು ಹೊರತಂದ ರೈಸ್ ಸಾಹೇಬರ ಕಾಲದಿಂದ ಮೈಸೂರು ಸೀಮೆಯಲ್ಲಿ ಶಾಸನಗಳ ಅಚ್ಚು ತೆಗೆದ ರೀತಿಯೂ ಇದರ ಬಳಗದ್ದೇ. ನಮ್ಮಲ್ಲಿ ಮೇಲೆ ಮಸಿಯನ್ನು ತಟ್ಟುತ್ತಾರೆ, ಅಷ್ಟೇ ಭೇದ. ವೀರಗಲ್ಲುಗಳ ನಾಡಿನವರಾದ ನಮಗೆ, ಹೋದವನ ಹೆಸರನ್ನು ಕಲ್ಲಿಗೆ ಒಪ್ಪಿಸುವ ಆಸೆ ಏನೆಂದು ಯಾರೂ ಹೇಳಿಕೊಡಬೇಕಾದ್ದಿಲ್ಲ.

ಆದರೆ ಒಂದು ಮಾತನ್ನು ಹೇಳಲೇಬೇಕು. ಸಂಗ್ರಹಾಲಯವನ್ನು ಸೇರಿದ ಕಲ್ಲು ಕಲಾವಸ್ತುವಾಗುತ್ತದೆ. ಅದನ್ನು ನೋಡುತ್ತಾರೆ, ಓದುವುದಿಲ್ಲ. ದಾರಿಯ ಪಕ್ಕದಲ್ಲಿದ್ದಾಗ ಹೆಂಗಸರು ಅದಕ್ಕೆ ಪಟ್ಟಿಯನ್ನು ಕಟ್ಟಿ ಎಣ್ಣೆಯ ಕುಡಿಕೆಯನ್ನು ಇಡುತ್ತಿದ್ದರು. ಆ ದೃಶ್ಯ ಸಮಾಧಿಗೆಂದೇ ಮಾಡಿದ ಬಿಳಿಯ ಕುಡಿಕೆಗಳ ಮೇಲೆ ಚಿತ್ರಿತವಾಗಿದೆ. ಆ ಪಟ್ಟಿಯೂ ಎಣ್ಣೆಯೂ ಇನ್ನು ಬರುವುದಿಲ್ಲ. ದಾರಿಹೋಕನು ಮಾತ್ರ ಇಂದಿಗೂ ಬರುತ್ತಾನೆ. ಚೀಟಿ ಕೊಂಡು ಒಳಗೆ ಬರುವ ಪ್ರತಿಯೊಬ್ಬನೂ ಆ ಕಲ್ಲಿನ ಪಾಲಿಗೆ ದಾರಿಹೋಕನೇ. ನಮ್ಮವರು ಈಗ ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಆ ನಗರಗಳಿಗೆಲ್ಲ ಹೋಗುತ್ತಾರೆ. ಹೋದವರು ಈ ಕಲ್ಲುಗಳಲ್ಲಿ ಒಂದರ ಮುಂದೆಯಾದರೂ ನಿಂತು, ಗೋಡೆಯ ಮೇಲಿನ ವಿವರಣೆಯಲ್ಲಿ ಮೂರು ವಿಷಯಗಳನ್ನು ಹುಡುಕಲಿ: ಹೆಸರು ಯಾರದು, ನಿಲ್ಲಿಸಿದವರು ಯಾರು, ಕಲ್ಲು ಸಿಕ್ಕಿದ ಸ್ಥಳ ಯಾವುದು. ಮೂರನೆಯದನ್ನು ಬರೆದಿಲ್ಲದಿದ್ದರೆ ಆ ಕಲ್ಲಿಗೆ ಆದ ನಷ್ಟ ಎಷ್ಟೆಂಬುದು ತಿಳಿಯುತ್ತದೆ. ಆಮೇಲೆ ಆ ಹೆಸರನ್ನು ಮೆಲ್ಲಗೆ ಒಮ್ಮೆ ಬಾಯಿಬಿಟ್ಟು ಹೇಳಲಿ. ಮೆಲಿಟ್ಟ ಎಂದೋ ಆಂಫರೀಟೆ ಎಂದೋ ನಮ್ಮ ಕನ್ನಡದ ನಾಲಗೆಯ ಮೇಲೆ ಅದು ಸ್ವಲ್ಪ ವಕ್ರವಾಗಿಯೇ ಬಂದೀತು, ಚಿಂತೆಯಿಲ್ಲ. ಕಲ್ಲನ್ನು ನಿಲ್ಲಿಸಿದವರು ಕೇಳಿಕೊಂಡದ್ದು ಅಷ್ಟನ್ನೇ.